ಹೃದಯ ನಿಂತಿರುವ ಆ ಒಂದು ಗಂಟೆ

ಒಂದು ಜುಮಾದಲ್ಲಿ ಆರೋಗ್ಯವೆಂಬ ಅಮಾನತ್ತಿನ ಕುರಿತು ಮಾತನಾಡಿದ್ದೆ. ಅಂದು ಅಸರ್ ನಮಾಝಿನ ಬಳಿಕ ನಮ್ಮ ಜಮಾಅತಿನ ಹಿರಿಯರೊಬ್ಬರು ಹಿಂದೆಯೇ ಉಳಿದರು. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್ ಕಂಡಿದೆ, ಬೈಪಾಸ್ ಆಗಬೇಕೆಂದು ಡಾಕ್ಟರ್ ಹೇಳಿದ್ದಾರೆ. "ಉಸ್ತಾದರೇ, ಹೃದಯವನ್ನೇ ನಿಲ್ಲಿಸುತ್ತಾರಂತೆ. ಆ ಹೊತ್ತಿನಲ್ಲಿ ನನ್ನ ರೂಹ್ ಎಲ್ಲಿರುತ್ತದೆ?" ಎಂದು ಕೇಳಿದರು. ಈ ಹೆದರಿಕೆಯಿಂದಲೇ ಅವರು ಎರಡು ತಿಂಗಳು ಮುಂದೂಡಿದ್ದರು. ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಆದ್ದರಿಂದ ಡಾಕ್ಟರರಿಂದ ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೃದಯದ ಒಳಗೆ ಸದಾ ರಕ್ತ ತುಂಬಿರುತ್ತದೆ. ಆದರೂ ಅದರ ದಪ್ಪ ಮಾಂಸಖಂಡಕ್ಕೆ ಆಹಾರ ಆ ರಕ್ತದಿಂದ ನೇರವಾಗಿ ಸಿಗುವುದಿಲ್ಲ. ಹೃದಯದ ಹೊರಮೈಯಲ್ಲಿ ಹರಡಿರುವ ಸಣ್ಣ ರಕ್ತನಾಳಗಳೇ ಅದಕ್ಕೆ ಆಹಾರ ಕೊಡುತ್ತವೆ. ದಮಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್ 13ನೇ ಶತಮಾನದಲ್ಲಿಯೇ ಇದನ್ನು ಬರೆದಿಟ್ಟಿದ್ದರು. ಈ ನಾಳಗಳ ಅಗಲ ಎರಡು ಮೂರು ಮಿಲಿಮೀಟರ್ ಅಷ್ಟೇ. ಒಳಗೋಡೆಗೆ ಕೊಬ್ಬು ಅಂಟಿ ದಾರಿ ಕಿರಿದಾದರೆ, ಏರು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ. ಪೂರ್ತಿ ಮುಚ್ಚಿದರೆ ಹೃದಯಾಘಾತ.

ಬೈಪಾಸ್‌ನಲ್ಲಿ ಆ ಕೊಬ್ಬನ್ನು ಕೆರೆದು ತೆಗೆಯುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅಡಿಕೆ ತೋಟದ ಪೈಪು ನಡುವೆ ಕಟ್ಟಿಕೊಂಡರೆ ನಾವೇನು ಮಾಡುತ್ತೇವೆ? ಟ್ಯಾಂಕಿಯಿಂದ ಇನ್ನೊಂದು ಪೈಪು ಎಳೆದು, ಕಟ್ಟಿಕೊಂಡ ಜಾಗದ ಆಚೆಗೆ ಜೋಡಿಸುತ್ತೇವೆ. ಇದೂ ಹಾಗೆಯೇ. ಬ್ಲಾಕ್ ಇದ್ದಲ್ಲಿಯೇ ಇರುತ್ತದೆ. ರಕ್ತಕ್ಕೆ ಬೇರೆ ದಾರಿ ಸಿಗುತ್ತದೆ.

ಹೊಸ ಪೈಪು ಸಿಗುವುದು ರೋಗಿಯ ದೇಹದಲ್ಲಿಯೇ. ಎದೆಗೋಡೆಯ ಒಳಬದಿಯಲ್ಲಿ ಇಳಿಯುವ ಒಂದು ಅಪಧಮನಿಯ ತುದಿಯನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಹೊಲಿಯುತ್ತಾರೆ. ಉಳಿದ ಬ್ಲಾಕ್‌ಗಳಿಗೆ ಕಾಲಿನ ಉದ್ದನೆಯ ರಕ್ತನಾಳವನ್ನು ತೆಗೆದು, ಒಂದು ತುದಿಯನ್ನು ಮಹಾಪಧಮನಿಗೆ, ಇನ್ನೊಂದನ್ನು ಬ್ಲಾಕ್‌ನ ಆಚೆಗೆ ಜೋಡಿಸುತ್ತಾರೆ. ಕಾಲಿನಲ್ಲಿ ಆಳದ ಬೇರೆ ನಾಳಗಳಿರುವುದರಿಂದ ಅದಕ್ಕೇನೂ ಕೊರತೆಯಾಗುವುದಿಲ್ಲ. ಎದೆಯ ನಾಳ ಹೆಚ್ಚು ಬಾಳುತ್ತದೆ. ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಕಾಲಿನ ನಾಳಕ್ಕೆ ಅಷ್ಟು ಆಯುಸ್ಸಿಲ್ಲ. ಸಿಗರೇಟು ಬಿಡದವನಿಗಂತೂ ಇನ್ನೂ ಕಡಿಮೆ.

ಕೂದಲಿನಷ್ಟು ತೆಳುವಾದ ದಾರದಲ್ಲಿ ಮಿಡಿಯುವ ಹೃದಯದ ಮೇಲೆ ಹೊಲಿಯುವುದು ಕಷ್ಟ. ಅದಕ್ಕೇ ಹೃದಯವನ್ನು ನಿಲ್ಲಿಸುವುದು. ಎದೆಯ ಮಧ್ಯದ ಎಲುಬನ್ನು ಉದ್ದಕ್ಕೆ ಸೀಳಿ, ದೇಹದ ರಕ್ತವನ್ನು ಯಂತ್ರದತ್ತ ತಿರುಗಿಸುತ್ತಾರೆ. ಅದು ರಕ್ತಕ್ಕೆ ಆಮ್ಲಜನಕ ಸೇರಿಸಿ ಮರಳಿ ದೇಹಕ್ಕೆ ತಳ್ಳುತ್ತದೆ. ನಂತರ ಪೊಟ್ಯಾಸಿಯಂ ಇರುವ ದ್ರಾವಣ ಕೊಟ್ಟಾಗ ಹೃದಯ ಸುಮ್ಮನಾಗುತ್ತದೆ. ಸುಮಾರು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆ ಹೊತ್ತೆಲ್ಲ ಮೆದುಳಿಗೆ ರಕ್ತ ಹೋಗುತ್ತಲೇ ಇರುತ್ತದೆ. ಮೂತ್ರಪಿಂಡ ಕೆಲಸ ಮಾಡುತ್ತಲೇ ಇರುತ್ತದೆ. ಹೊಲಿಗೆ ಮುಗಿದು ಬಿಸಿ ರಕ್ತ ಮರಳಿದಾಗ ಹೃದಯ ಮತ್ತೆ ಮಿಡಿಯತೊಡಗುತ್ತದೆ. ರೂಹಿನ ಜ್ಞಾನ ಅಲ್ಲಾಹನದ್ದು. ಆದರೆ ಆ ಮನುಷ್ಯ ಮೃತನಲ್ಲ, ಅರಿವಳಿಕೆಯಲ್ಲಿ ನಿದ್ರಿಸುತ್ತಿರುವ ರೋಗಿ ಎಂದು ಆ ಹಿರಿಯರಿಗೆ ಹೇಳಿದೆ. ಹೃದಯವನ್ನು ನಿಲ್ಲಿಸದೆ, ಹೊಲಿಯುವ ಜಾಗವನ್ನಷ್ಟೇ ಅಲುಗದಂತೆ ಹಿಡಿದು ಮಾಡುವ ವಿಧಾನವೂ ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿದೆ.

ಇನ್ನೊಂದು ಪ್ರಶ್ನೆ ಅವರ ಮಗನದ್ದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧ ಹೆಚ್ಚಾಗಿ ಹಂದಿಯ ಕರುಳಿನಿಂದ ಬರುತ್ತದೆ. ಇದು ನಿಜ, ಮುಚ್ಚಿಡುವಂಥದ್ದಲ್ಲ. ಈ ಶಸ್ತ್ರಚಿಕಿತ್ಸೆಯಲ್ಲಿ ಅದರಷ್ಟು ಭರವಸೆಯ ಬದಲಿ ಸುಲಭವಾಗಿ ಸಿಗುವುದಿಲ್ಲ. ಪ್ರಾಣ ಉಳಿಸುವ ಅನಿವಾರ್ಯತೆಯಲ್ಲಿ ನಿಷಿದ್ಧಕ್ಕೂ ರಿಯಾಯಿತಿ ಇದೆಯೆಂಬುದು ಫಿಕ್ಹಿನ ಪ್ರಸಿದ್ಧ ನಿಯಮ. ಸಂಶಯವಿದ್ದರೆ ಡಾಕ್ಟರರನ್ನೂ ಆಲಿಮರನ್ನೂ ಕೇಳಿ. ಆದರೆ ಸಹಿ ಹಾಕದೆ ದಿನ ದೂಡಬೇಡಿ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಮಲಗಿದಾಗ ಪ್ರವಾದಿ(ಸ) ಅವರ ಎದೆಯ ಮೇಲೆ ಕೈಯಿಟ್ಟು, ಇದು ಹೃದಯದ ಕಾಯಿಲೆಯೆಂದು ತಿಳಿಸಿ, ಹಾರಿಸ್ ಬಿನ್ ಕಲದಾ ಎಂಬ ವೈದ್ಯರ ಬಳಿಗೆ ಹೋಗಲು ಹೇಳಿದ್ದು ಅಬೂದಾವೂದಿನಲ್ಲಿ ವರದಿಯಾಗಿದೆ.

ಭಾರತದಲ್ಲಿ ಈ ಶಸ್ತ್ರಚಿಕಿತ್ಸೆ ಮೊದಲು ನಡೆದದ್ದು 1975ರಲ್ಲಿ, ಚೆನ್ನೈಯ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಅವರಿಂದ. ಇಂದು ಇದು ದಿನನಿತ್ಯದ ಕೆಲಸ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಒಡವೆ ಅಡವಿಡುವ ಮೊದಲು ಅದನ್ನು ವಿಚಾರಿಸಿ.

ಸೀಳಿದ ಎಲುಬನ್ನು ಸ್ಟೀಲ್ ತಂತಿಯಿಂದ ಕಟ್ಟುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೈಯೂರಿ ಏಳಬಾರದು, ಭಾರ ಎತ್ತಬಾರದು. ಹಾಗಾಗಿ ಸುಜೂದ್‌ಗೆ ಹಟ ಮಾಡಬೇಡಿ. ಕುರ್ಚಿಯಲ್ಲಿ ಕುಳಿತು ತಲೆ ಬಾಗಿಸಿದರೆ ಸಾಕು. ಉಪವಾಸ ಮತ್ತೆ ಯಾವಾಗ ಎಂಬುದನ್ನು ಡಾಕ್ಟರ್ ಹೇಳಲಿ, ನೆರೆಮನೆಯವರಲ್ಲ.

ಆ ಹಿರಿಯರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇಂದಿಗೆ ಒಂದು ವಾರ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮುತ್ತಿದ್ದರು. "ಎದೆಯದ್ದು ಪರವಾಗಿಲ್ಲ ಉಸ್ತಾದರೇ, ನಾಳ ತೆಗೆದ ಕಾಲೇ ಹೆಚ್ಚು ನೋಯುತ್ತದೆ" ಎಂದರು.