ಪರಿಚಿತವೆನಿಸುವ ಪರದೇಶ: ಬಾಲಿ ಪ್ರಯಾಣಕ್ಕೆ ಮುನ್ನ

ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಹೊರಡುವ ಭಾರತೀಯರಲ್ಲಿ ಒಂದು ನಂಬಿಕೆ ಸಾಮಾನ್ಯವಾಗಿ ಬೇರೂರಿರುತ್ತದೆ. ಅಲ್ಲಿ ಹಿಂದೂಗಳೇ ಬಹುಸಂಖ್ಯಾತರು, ವಿಮಾನ ನಿಲ್ದಾಣದಿಂದ ಹೊರಬೀಳುತ್ತಿದ್ದಂತೆ ಕರ್ಣನೊಡನೆ ಕಾದುತ್ತಿರುವ ಘಟೋತ್ಕಚನ ಬೃಹತ್ ಶಿಲ್ಪವೇ ಎದುರಾಗುತ್ತದೆ, ಆದ್ದರಿಂದ ಆ ನೆಲದ ರೀತಿನೀತಿಗಳನ್ನು ಹೊಸದಾಗಿ ಕಲಿಯಬೇಕಾದ ಅಗತ್ಯವಿಲ್ಲ ಎಂಬುದು ಆ ನಂಬಿಕೆ. ಜಪಾನಿಗೋ ಅರಬ್ ದೇಶಗಳಿಗೋ ಹೋಗುವವರು ಅಲ್ಲಿನ ಕಾನೂನು, ಉಡುಪು, ಊಟಗಳ ಬಗ್ಗೆ ವಾರಗಟ್ಟಲೆ ವಿಚಾರಿಸಿಕೊಂಡು ಅಳುಕಿನಿಂದಲೇ ವಿಮಾನ ಹತ್ತುತ್ತಾರೆ. ಬಾಲಿಗೆ ಹೋಗುವವರಲ್ಲಿ ಆ ಅಳುಕಿನ ಜಾಗದಲ್ಲಿ ಸಲುಗೆ ಇರುತ್ತದೆ. 2023ರಲ್ಲಿ ಆಸ್ಟ್ರೇಲಿಯದವರನ್ನು ಬಿಟ್ಟರೆ ಬಾಲಿಗೆ ಅತಿ ಹೆಚ್ಚಿನ ಸಂಖ್ಯೆಯಲ್ಲಿ ಬಂದ ವಿದೇಶಿಯರು ಭಾರತೀಯರೇ ಆಗಿದ್ದರು, ಬೆಂಗಳೂರಿನಿಂದ ನೇರ ವಿಮಾನವೂ ಆರಂಭವಾಗಿದೆ ಎಂಬುದನ್ನು ಗಮನಿಸಿದರೆ, ಈ ಸಲುಗೆಯನ್ನು ಪರೀಕ್ಷೆಗೆ ಒಡ್ಡಿಕೊಳ್ಳುವುದು ಪ್ರಯಾಣದ ಸಿದ್ಧತೆಯ ಮೊದಲ ಭಾಗವಾಗಬೇಕು.

ವ್ಯತ್ಯಾಸ ಮೊದಲು ಅನುಭವಕ್ಕೆ ಬರುವುದು ದೇವಾಲಯದಲ್ಲಿ. ಬಾಲಿಯಲ್ಲಿ ‘ಪುರ’ ಎಂದು ಕರೆಯುವ ದೇವಾಲಯವು ಕರ್ನಾಟಕದ ದೇವಸ್ಥಾನಗಳಂತೆ ಮೂರ್ತಿಯಿರುವ ಗರ್ಭಗುಡಿಯ ಸುತ್ತ ಬೆಳೆದ ಕಟ್ಟಡವಲ್ಲ. ಅದು ಬಯಲಿಗೆ ತೆರೆದುಕೊಂಡ, ಒಂದರ ಒಳಗೊಂದರಂತೆ ಸಾಗುವ ಪ್ರಾಂಗಣಗಳ ಸಮೂಹ. ಹೊರಗಿನದು ನಿಸ್ತ ಮಂಡಲ, ನಡುವಿನದು ಮಧ್ಯ ಮಂಡಲ, ಅತ್ಯಂತ ಪವಿತ್ರವಾದದ್ದು ಉತ್ತಮ ಮಂಡಲ. ಒಳ ಪ್ರಾಂಗಣದ ಪದ್ಮಾಸನವೆಂಬ ಕಲ್ಲಿನ ಎತ್ತರದ ಪೀಠ ಸಾಮಾನ್ಯವಾಗಿ ಖಾಲಿಯಾಗಿಯೇ ಇರುತ್ತದೆ. ದೇವತೆಗಳು ಉತ್ಸವದ ಕಾಲದಲ್ಲಿ ಇಳಿದುಬಂದು ನೆಲೆಸುತ್ತಾರೆ ಎಂಬುದು ಅಲ್ಲಿನ ನಂಬಿಕೆ. ಆದ್ದರಿಂದ ‘ದರ್ಶನ ಮಾಡಿಕೊಂಡು ಬರುತ್ತೇವೆ’ ಎಂದು ಒಳಗೆ ನುಗ್ಗುವವರಿಗೆ ಅಲ್ಲಿ ನೋಡಲು ವಿಗ್ರಹ ಸಿಗದಿರಬಹುದು, ಆದರೆ ಅವರ ಪ್ರವೇಶದಿಂದ ಸ್ಥಳದ ಪಾವಿತ್ರ್ಯಕ್ಕೆ ಭಂಗ ಬಂದಿತೆಂದು ಊರವರು ನೊಂದುಕೊಳ್ಳಬಹುದು. ಬಾಲಿಯ ಗವರ್ನರ್ 2023ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬಾಲಿಯ ಸಾಂಪ್ರದಾಯಿಕ ಉಡುಪು ಧರಿಸಿ ಪ್ರಾರ್ಥನೆಗೆಂದೇ ಬರುವವರನ್ನು ಹೊರತುಪಡಿಸಿ ವಿದೇಶಿ ಪ್ರವಾಸಿಗರು ನಡು ಮತ್ತು ಒಳ ಪ್ರಾಂಗಣಗಳಿಗೆ ಹೋಗುವಂತಿಲ್ಲ. ತಾವೂ ಹಿಂದೂಗಳೇ ಎಂದು ದ್ವಾರದಲ್ಲಿ ವಾದಿಸುವುದಕ್ಕಿಂತ, ಪ್ರಾರ್ಥಿಸುವ ಮನಸ್ಸಿದ್ದರೆ ‘ಪೆಮಂಕು’ ಎಂದು ಕರೆಯಲಾಗುವ ಅರ್ಚಕರನ್ನು ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳುವುದು ಉಚಿತ.

ಉಡುಪಿನ ವಿಷಯದಲ್ಲಿಯೂ ಊಹೆ ಕೈಕೊಡುತ್ತದೆ. ಚಪ್ಪಲಿಯನ್ನು ಹೊರಗೆ ಬಿಡುವ ಕಟ್ಟುನಿಟ್ಟು ಅಲ್ಲಿ ಎಲ್ಲೆಡೆಯೂ ಇಲ್ಲ, ಆದರೆ ಸೊಂಟದಿಂದ ಕೆಳಗೆ ಸುತ್ತುವ ಪಂಚೆಯಂತಹ ಬಟ್ಟೆಯೂ ಅದರ ಮೇಲೆ ನಡುವಿಗೆ ಕಟ್ಟುವ ‘ಸೆಲೆಂಡಾಂಗ್’ ಎಂಬ ಪಟ್ಟಿಯೂ ಬೇಕೇಬೇಕು. ಮೈತುಂಬ ಸೀರೆ ಉಟ್ಟವರಿಗೂ ದ್ವಾರದಲ್ಲಿ ನಡುಪಟ್ಟಿ ಕಟ್ಟಿಕೊಳ್ಳಲು ಹೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ದೇಹದ ಮೇಲುಭಾಗವನ್ನೂ ಕೆಳಭಾಗವನ್ನೂ ಬೇರ್ಪಡಿಸಿ ಮನಸ್ಸನ್ನು ಹಿಡಿತದಲ್ಲಿಡುವ ಸಂಕೇತವೆಂದು ಅದನ್ನು ಅಲ್ಲಿ ವಿವರಿಸಲಾಗುತ್ತದೆ. ಉಡುಪು ಸರಿಯಿದ್ದರೂ ದೇವಾಲಯ ಪ್ರವೇಶವನ್ನು ತಡೆಯುವ ‘ಚುಂತಕ’ ಎಂಬುದು ಕರ್ನಾಟಕದ ಮನೆಗಳಲ್ಲಿ ಸೂತಕ ಎನ್ನುವುದಕ್ಕೆ ಹತ್ತಿರವಾದ ಕಟ್ಟಳೆ. ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದವರು, ಮುಟ್ಟಾದವರು, ರಕ್ತ ಸೋರುವ ಗಾಯವಿರುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಈ ಕಟ್ಟಳೆಯನ್ನು ಒಪ್ಪುವುದೂ ಬಿಡುವುದೂ ಪ್ರಯಾಣಿಕರ ವೈಯಕ್ತಿಕ ವಿಚಾರವಾಗಿರಬಹುದಾದರೂ ಅತಿಥಿಯಾಗಿ ಹೋದ ಊರಿನ ದೇವಾಲಯದ ಬಾಗಿಲು ಆ ಚರ್ಚೆಗೆ ತಕ್ಕ ಸ್ಥಳವಲ್ಲ.

ಛಾಯಾಚಿತ್ರದ ಮೋಹ ಇನ್ನೂ ಸೂಕ್ಷ್ಮವಾದದ್ದು. ಪವಿತ್ರವೆಂದು ಪೂಜಿಸುವ ಮರಗಳನ್ನು ಹತ್ತಿ, ಗುಡಿಯ ಕಟ್ಟೆಗಳನ್ನು ಏರಿ, ಅರೆಬೆತ್ತಲೆಯಾಗಿ ಚಿತ್ರ ತೆಗೆಸಿಕೊಂಡ ವಿದೇಶಿಯರು ಗಡೀಪಾರಾದ ಪ್ರಕರಣಗಳು ಬಾಲಿಯಲ್ಲಿ ನಡೆದಿವೆ. ‘ಕಾಂತಾರ’ ಚಲನಚಿತ್ರ ಬಂದ ಮೇಲೆ ದೈವದ ವೇಷವನ್ನೂ ಕೂಗನ್ನೂ ಅನುಕರಿಸಿ ರೀಲ್ಸ್ ಮಾಡಿದವರ ಬಗ್ಗೆ ಕರಾವಳಿ ಕರ್ನಾಟಕದಲ್ಲಿ ಎದ್ದ ನೋವಿನ ಆಕ್ಷೇಪವನ್ನು ಬಲ್ಲ ಕನ್ನಡಿಗರಿಗೆ ಬಾಲಿಯವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾರ್ಥಿಸುವವರ ಎದುರಿನಿಂದ ಹಾದುಹೋಗದಿರುವುದು, ಅರ್ಚಕರಿಗಿಂತ ಎತ್ತರದ ಜಾಗದಲ್ಲಿ ನಿಲ್ಲದಿರುವುದು, ‘ಙಾಬೆನ್’ ಎಂಬ ಶವಸಂಸ್ಕಾರವು ಎಷ್ಟೇ ವೈಭವದ ಮೆರವಣಿಗೆಯಂತೆ ಕಂಡರೂ ಅಲ್ಲಿರುವುದು ಒಂದು ಕುಟುಂಬದ ಅಗಲಿಕೆ ಎಂಬುದನ್ನು ಮರೆಯದಿರುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಬೆಳಗಿನ ಹೊತ್ತು ಅಂಗಡಿಗಳ ಮುಂದೆ, ಕಾಲುದಾರಿಯ ಮೇಲೆ ಎಳೆಗರಿಯಿಂದ ಹೆಣೆದ ಅಂಗೈಯಗಲದ ತಟ್ಟೆಗಳು ಕಾಣುತ್ತವೆ. ಬಣ್ಣಬಣ್ಣದ ಹೂವಿನ ಎಸಳು, ಕೆಲವು ಅನ್ನದ ಅಗುಳು, ಹೊಗೆಯಾಡುವ ಒಂದು ಊದುಕಡ್ಡಿ ಇರುವ ಅದು ‘ಚನಾಂಗ್ ಸಾರಿ’ ಎಂಬ ನಿತ್ಯದ ನೈವೇದ್ಯ. ನೆಲದ ಮೇಲೆ ಇಟ್ಟಿರುವುದರಿಂದ ಅದನ್ನು ಕಸವೆಂದು ತುಳಿದು ನಡೆಯುವ ಪ್ರವಾಸಿಗರನ್ನು ನೋಡಿಯೂ ಬಾಲಿಯವರು ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ ಎಂಬ ಕಾರಣಕ್ಕೇ ಹೆಚ್ಚಿನ ಎಚ್ಚರ ಬೇಕು.

ಕರ್ನಾಟಕದಿಂದ ಹೊರಡುವವರು ದಿನಾಂಕ ಗೊತ್ತುಮಾಡುವಾಗ ನೋಡಲೇಬೇಕಾದ ಹಬ್ಬ ‘ನ್ಯೆಪಿ’. ಬಾಲಿಯವರ ಚಾಂದ್ರಮಾನ ಪಂಚಾಂಗವೂ ಯುಗಾದಿಯಂದು ಹೊಸ ವರ್ಷ ಎಣಿಸುವ ಶಕವರ್ಷವನ್ನೇ ಅನುಸರಿಸುತ್ತದೆ. ಒಂಬತ್ತನೆಯ ತಿಂಗಳ ಅಮಾವಾಸ್ಯೆಯ ಮರುದಿನ ಬರುವ ನ್ಯೆಪಿ 2023ರಲ್ಲಿ ಯುಗಾದಿಯ ದಿನವೇ, ಅಂದರೆ ಮಾರ್ಚ್ 22ರಂದು ಬಂದಿತ್ತು. 2025ರಲ್ಲಿ ಯುಗಾದಿಯ ಹಿಂದಿನ ದಿನ, ಮಾರ್ಚ್ 29ರಂದು ಬಂದಿತು. ಅಧಿಕಮಾಸವನ್ನು ಸೇರಿಸುವ ಕ್ರಮ ಬೇರೆಯಾದ್ದರಿಂದ 2024ರಂತೆ ಕೆಲವು ವರ್ಷ ಒಂದು ತಿಂಗಳಷ್ಟು ಅಂತರ ಬೀಳುವುದೂ ಉಂಟು. ಯುಗಾದಿಯ ರಜೆಗೆ ವಾರಾಂತ್ಯವನ್ನು ಜೋಡಿಸಿ ಟಿಕೆಟ್ ಕಾಯ್ದಿರಿಸುವ ಕುಟುಂಬ ಈ ಹಬ್ಬವನ್ನು ಅರಿಯದೆ ಹೋದರೆ ದಿಗಿಲಿಗೆ ಬೀಳುತ್ತದೆ. ಏಕೆಂದರೆ ಬಾಲಿಯ ಹೊಸ ವರ್ಷ ಹೋಳಿಗೆ ಓಕುಳಿಗಳ ಸಂಭ್ರಮದ್ದಲ್ಲ, ಮೌನದ್ದು. ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ಬೆಂಕಿ ಮತ್ತು ಬೆಳಕು, ಕೆಲಸ, ಪ್ರಯಾಣ, ಮನರಂಜನೆ ಈ ನಾಲ್ಕನ್ನೂ ತೊರೆಯುವ ವ್ರತ ಇಡೀ ದ್ವೀಪದ್ದಾಗಿರುತ್ತದೆ. ವಿಮಾನ ನಿಲ್ದಾಣವೂ ಬಂದರುಗಳೂ ಮುಚ್ಚುತ್ತವೆ, 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸಲಾಗುತ್ತಿದೆ, ಪ್ರವಾಸಿಗರು ಹೋಟೆಲಿನ ಆವರಣ ಬಿಟ್ಟು ಹೊರಬರುವಂತಿಲ್ಲ, ರಾತ್ರಿ ಕಿಟಕಿಯಿಂದ ಬೆಳಕು ಹೊರಗೆ ಕಾಣದಂತೆ ಪರದೆ ಎಳೆಯಬೇಕು. ‘ಪೆಚಲಾಂಗ್’ ಎಂಬ ಸಾಂಪ್ರದಾಯಿಕ ಗ್ರಾಮರಕ್ಷಕರು ಬೀದಿಗಳಲ್ಲಿ ಗಸ್ತು ತಿರುಗುತ್ತಾರೆ. ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ ಇದೆ. ಹಿಂದಿನ ದಿನವೇ ಔಷಧ, ಮಕ್ಕಳ ಆಹಾರ, ಹಣ್ಣು ತಂದಿಟ್ಟುಕೊಂಡು, ವಿಮಾನದ ಸಮಯವನ್ನು ಅದಕ್ಕೆ ಹೊಂದಿಸಿಕೊಂಡವರಿಗೆ ಆ ದಿನ ತೊಂದರೆಯಲ್ಲ. ಲಕ್ಷಾಂತರ ಜನರಿರುವ ದ್ವೀಪವೊಂದು ತಾನಾಗಿ ದೀಪವಾರಿಸಿ ಕುಳಿತ ರಾತ್ರಿಯನ್ನು ಕಾಣುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವಂತಹದಲ್ಲ.

ಸುರಕ್ಷತೆಯ ವಿಷಯಕ್ಕೆ ಬಂದರೆ, ಬಾಂಬು ಭೂಕಂಪಗಳ ಭಯಕ್ಕಿಂತ ಮುಂಚಿತವಾಗಿ ಯೋಚಿಸಬೇಕಾದದ್ದು ಮಂಗ, ನಾಯಿ, ಅಲೆ ಮತ್ತು ಸ್ಕೂಟರು. ಬಾಲಿಯಲ್ಲಿ 2008ರಿಂದ ರೇಬಿಸ್ ರೋಗ ನೆಲೆಯೂರಿದೆ. ಉಲುವಾಟು ದೇವಾಲಯದ ಮಂಗಗಳು ಕನ್ನಡಕ, ಮೊಬೈಲು, ಚಪ್ಪಲಿಗಳನ್ನು ಕಿತ್ತುಕೊಂಡು, ತಿಂಡಿ ಕೊಟ್ಟರೆ ಮಾತ್ರ ಹಿಂದಿರುಗಿಸುವ ವ್ಯವಹಾರ ಕಲಿತಿರುವುದನ್ನು, ಬೆಲೆಬಾಳುವ ವಸ್ತುವಿಗೆ ಹೆಚ್ಚು ಒಳ್ಳೆಯ ತಿಂಡಿಯನ್ನೇ ಬಯಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ವಸ್ತುವಿಗಾಗಿ ಮಂಗದೊಡನೆ ಎಳೆದಾಡಿದರೆ ಕಚ್ಚುವ, ಪರಚುವ ಸಂಭವ ಹೆಚ್ಚು. ಹಾಗಾದಾಗ ಗಾಯವನ್ನು ತಕ್ಷಣ ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಚಿಕಿತ್ಸಾಲಯಕ್ಕೆ ಹೋಗಿ ಲಸಿಕೆ ಆರಂಭಿಸಬೇಕು. ಊರಿಗೆ ಮರಳಿದ ಮೇಲೆ ನೋಡೋಣ ಎಂದು ಮುಂದೂಡುವುದು ಜೀವಕ್ಕೆ ಅಪಾಯ. ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಬೇಕಾಗುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಔಷಧ ಎಲ್ಲ ಕಡೆಯೂ ಸಿಗುವುದಿಲ್ಲ. ಪ್ರಯಾಣಕ್ಕೆ ಮುನ್ನ ಒಂದು ವಾರದ ಅಂತರದಲ್ಲಿ ಎರಡು ಮುಂಜಾಗ್ರತಾ ಚುಚ್ಚುಮದ್ದು ಪಡೆದವರಿಗೆ ಕಡಿತದ ನಂತರ ಆ ಔಷಧದ ಅಗತ್ಯ ಬೀಳುವುದಿಲ್ಲ, ಲಸಿಕೆಯನ್ನು ಮಾತ್ರ ಮತ್ತೆ ಪಡೆದರೆ ಸಾಕು. ಆದ್ದರಿಂದ ಚಿಕ್ಕ ಮಕ್ಕಳಿರುವ ಕುಟುಂಬಗಳು ಹೊರಡುವ ತಿಂಗಳ ಮೊದಲೇ ವೈದ್ಯರೊಡನೆ ಈ ವಿಷಯ ಮಾತನಾಡುವುದು ಒಳಿತು.

ಕುಟಾ, ಸೆಮಿನ್ಯಾಕ್ ಮುಂತಾದ ಕಡಲತೀರಗಳಲ್ಲಿ ದಡಕ್ಕೆ ಅಪ್ಪಳಿಸಿದ ನೀರು ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುವ ಸೆಳವು ಇದೆ. ಅಲೆ ಕಡಿಮೆಯಿದ್ದು ಶಾಂತವಾಗಿ ಕಾಣುವ ಪಟ್ಟಿಯೇ ಹಲವು ಸಲ ಸೆಳವಿನ ಜಾಗವಾಗಿರುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಸೆಳವಿಗೆ ಸಿಕ್ಕಿದರೆ ಎದುರೀಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಬಾಡಿಗೆ ಸ್ಕೂಟರಿನ ಅಪಾಯ ಇನ್ನೊಂದು ಬಗೆಯದು. ದ್ವಿಚಕ್ರಕ್ಕೆ ಅನ್ವಯಿಸುವ ಪರವಾನಗಿ ಇಲ್ಲದೆ ಅಪಘಾತವಾದರೆ ವಿಮಾ ಕಂಪನಿ ಆಸ್ಪತ್ರೆಯ ವೆಚ್ಚ ಕೊಡಲು ನಿರಾಕರಿಸಬಹುದು. ಆರ್‌ಟಿಒ ಕಚೇರಿ ಒಂದು ವರ್ಷದ ಅವಧಿಗೆ ನೀಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು, ಅದು ತಮ್ಮ ಪಾಲಿಸಿಯ ಷರತ್ತಿಗೆ ಸಾಕಾಗುತ್ತದೆಯೇ ಎಂಬುದನ್ನು ವಿಮೆಯವರಿಂದ ಬರಹದಲ್ಲಿ ಪಡೆದುಕೊಳ್ಳದ ಹೊರತು ಚಾಲಕನಿರುವ ಕಾರೇ ಸರಿಯಾದ ಆಯ್ಕೆ.

ಕಾಗದಪತ್ರಗಳ ವಿಚಾರ ಅಷ್ಟು ಜಟಿಲವಲ್ಲ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತೀಯರಿಗೆ ಸಿಗುವ ಆಗಮನ ವೀಸಾ 30 ದಿನಗಳದು. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ರುಪಿಯಾ ಎಂಬುದು ಅಲ್ಲಿನ ಹಣ. 2024ರ ಫೆಬ್ರವರಿ 14ರಿಂದ ವಿದೇಶಿಯರು 1,50,000 ರುಪಿಯಾ ಪ್ರವಾಸಿ ಶುಲ್ಕವನ್ನೂ ಕಟ್ಟಬೇಕು. ಮಾದಕ ವಸ್ತುಗಳ ಕಾನೂನು ಮರಣದಂಡನೆಯವರೆಗೆ ಹೋಗುವಷ್ಟು ಕಠಿಣವಾದ್ದರಿಂದ ನಿದ್ರೆಯ, ನೋವಿನ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯ ಸಮೇತ ಒಯ್ಯಬೇಕು. ಬೇರೆಯವರ ಗಂಟು ಚೀಲ ಹೊರುವ ಉಪಕಾರಕ್ಕೆ ಹೋಗಬಾರದು. ಯಾವುದೇ ಕಾರಣಕ್ಕೆ ಪೊಲೀಸರ ವಶಕ್ಕೆ ಬಿದ್ದವರು ತಮ್ಮ ದೇಶದ ದೂತ ಕಚೇರಿಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ಕೊಟ್ಟಿದೆ. ಬಾಲಿಯಲ್ಲಿಯೇ ಭಾರತದ ಕಾನ್ಸುಲೇಟ್ ಇರುವುದರಿಂದ ಅದರ ತುರ್ತು ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಬೇಕು.

ಕೊನೆಯದಾಗಿ ಊಟ. ಬಾಲಿಯ ಹಿಂದೂಗಳಲ್ಲಿ ಮಾಂಸಾಹಾರ ಸಾಮಾನ್ಯ, ಹಬ್ಬದ ಅಡುಗೆಗೆ ಹಂದಿಮಾಂಸ ಬೇಕೇಬೇಕು, ಕೆಲವು ಆಚರಣೆಗಳಲ್ಲಿ ಪ್ರಾಣಿಬಲಿಯೂ ಉಂಟು. ಸಸ್ಯಾಹಾರಿಗಳು ಇದನ್ನು ಕಂಡು ಮುಖ ಸಿಂಡರಿಸುವುದು, ಇದೆಂಥ ಹಿಂದೂ ಧರ್ಮವೆಂದು ಚಾಲಕನನ್ನೋ ಹೋಟೆಲಿನವರನ್ನೋ ಪ್ರಶ್ನಿಸುವುದು ಆತಿಥ್ಯ ಕೊಟ್ಟವರನ್ನು ನೋಯಿಸುವ ನಡೆ. ಬರಿಯ ತರಕಾರಿಯ ಪಲ್ಯದಂತೆ ಕಾಣುವ ಖಾದ್ಯದಲ್ಲಿಯೂ, ಮೇಜಿನ ಮೇಲಿನ ಸಾಂಬಾಲ್ ಎಂಬ ಖಾರದ ಚಟ್ನಿಯಲ್ಲಿಯೂ ‘ತೆರಾಸಿ’ ಎಂಬ ಹುದುಗಿಸಿದ ಸಿಗಡಿಯ ಮುದ್ದೆ ಬೆರೆತಿರುವುದು ಸಾಮಾನ್ಯ, ಅಡುಗೆಯವರು ಅದನ್ನು ಮಾಂಸವೆಂದು ಎಣಿಸದೆಯೂ ಇರಬಹುದು. ಆದ್ದರಿಂದ ‘ವೆಜ್’ ಎಂಬ ಒಂದೇ ಮಾತನ್ನು ನಂಬುವ ಬದಲು, ಮಾಂಸ, ಮೀನು, ಮೊಟ್ಟೆ, ತೆರಾಸಿ ಇವುಗಳಲ್ಲಿ ಯಾವುದು ಬೇಡವೆಂಬುದನ್ನು ಇಂಡೊನೇಷ್ಯಾದ ಭಾಷೆಯಲ್ಲಿ ಚೀಟಿಯೊಂದರಲ್ಲಿ ಬರೆಸಿಟ್ಟುಕೊಂಡು ಅಡುಗೆಮನೆಗೆ ಕಳಿಸುವುದು ಹೆಚ್ಚು ನಿಶ್ಚಿತವಾದ ಮಾರ್ಗ. ತೆರಾಸಿ ಬೇಡ ಎನ್ನಲು ‘ತನ್ಪಾ ತೆರಾಸಿ’ ಎಂದರೆ ಅವರಿಗೆ ತಿಳಿಯುತ್ತದೆ.