ಡಿಗ್ರಿ ಕೈಯಲ್ಲುಂಟು, ಸೀಲು ಕಾಲೇಜಿನಲ್ಲುಂಟು!

ಮಂಗಳೂರು: ದೇರಳಕಟ್ಟೆಯಿಂದ ಸ್ಟೇಟ್ ಬ್ಯಾಂಕಿಗೆ ಬರುವ ಸಂಜೆಯ ಬಸ್ಸಿನಲ್ಲಿ ಬಿಳಿ ಕೋಟು ಮಡಚಿ ಕೈಮೇಲೆ ಹಾಕಿಕೊಂಡ ಹುಡುಗ ಹುಡುಗಿಯರನ್ನು ನೀವು ನೋಡಿಯೇ ಇರುತ್ತೀರಿ. ಎಲ್ಲರೂ ಡಾಕ್ಟರಾಗುವವರು ಎಂದು ತಿಳಿಯಬೇಡಿ. ನರ್ಸಿಂಗಿನವರು, ಲ್ಯಾಬಿನವರು, ಅವರ ನಡುವೆ ಫಿಸಿಯೋಥೆರಪಿಯವರು. ಮೊಣಕಾಲು ಹಿಡಿದವರನ್ನು ನಡೆಸುವುದು, ಪಾರ್ಶ್ವವಾಯು ಬಡಿದವರ ಕೈಬೆರಳು ಬಿಡಿಸುವುದು ಇವರ ಕೆಲಸ.

ಸುರತ್ಕಲ್ ಕಡೆಯ ಜಿನಸು ಅಂಗಡಿಯವರೊಬ್ಬರು ಮೊನ್ನೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳು ನಾಲ್ಕು ವರ್ಷ ಓದಿ, ಮೇಲೆ ಆರು ತಿಂಗಳು ಆಸ್ಪತ್ರೆಯಲ್ಲಿ ದುಡಿದು ಫಿಸಿಯೋಥೆರಪಿ ಮುಗಿಸಿದ್ದಾಳೆ. ಈಗ ನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಸಂಬಳ ಹದಿನೆಂಟು ಸಾವಿರ. ಬಸ್ಸಿಗೆ, ಊಟಕ್ಕೆ ಹೋಗಿ ಉಳಿದದ್ದು ಬ್ಯಾಂಕಿನ ಸಾಲದ ಕಂತಿಗೆ.

‘ಅಂಗಡಿಯ ಹುಡುಗನಿಗೆ ಊಟ ತಿಂಡಿ ಸೇರಿಸಿ ನಾನು ಕೊಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಮಾರಾಯ್ರೆ’ ಎಂದರು.

ಇಂಗ್ಲೆಂಡಿಗೆ ಕಳಿಸುತ್ತೇನೆ ಎಂದು ಒಬ್ಬ ಏಜೆಂಟರು ನಾಲ್ಕು ಲಕ್ಷ ಕೇಳಿದ್ದಾರೆ. ಹೆಂಡತಿಯ ಕರಿಮಣಿ ಬಿಟ್ಟು ಉಳಿದ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಎಪ್ಪತ್ತು ಸಾವಿರ ಕೊಟ್ಟೂ ಆಗಿದೆ. ರಸೀದಿ ಎಂದು ಕೈಗೆ ಬಂದದ್ದು ಒಂದು ಬಿಳಿ ಚೀಟಿ. ಅದರಲ್ಲಿ ‘ಅಡ್ವಾನ್ಸ್ 70’ ಎಂದಷ್ಟೇ ಉಂಟು. ಎಪ್ಪತ್ತು ಸಾವಿರವೋ, ಎಪ್ಪತ್ತು ರೂಪಾಯಿಯೋ, ದೇವರಿಗೇ ಗೊತ್ತು.

ಪಿ.ಯು.ಸಿ. ನಡುವಿನಲ್ಲೇ ಬಿಟ್ಟ ನನಗೆ ಈ ಫಾರಂಗಳನ್ನು ಓದಲು ಎರಡು ದಿನ ಹಿಡಿಯಿತು. ಹುಡುಗಿಯೇ ಕೂತು ಒಂದೊಂದಾಗಿ ಬಿಡಿಸಿ ಹೇಳಿದಳು.

ಇಂಗ್ಲೆಂಡಿನಲ್ಲಿ ‘ಫಿಸಿಯೋಥೆರಪಿಸ್ಟ್’ ಎಂಬ ಹೆಸರಿಗೇ ಕಾನೂನಿನ ಕಾವಲು. ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಇಲ್ಲದವರು ಆ ಬೋರ್ಡು ಹಾಕಿಕೊಳ್ಳುವ ಹಾಗಿಲ್ಲ. (ನಮ್ಮಲ್ಲಿ ಎಣ್ಣೆ ತಿಕ್ಕುವವರೂ ಬೋರ್ಡು ಹಾಕುವುದುಂಟು, ಆ ಮಾತು ಬೇರೆ.) ಪಟ್ಟಿಗೆ ಸೇರಲು ಅಭ್ಯರ್ಥಿಯೇ ನೇರವಾಗಿ ಅರ್ಜಿ ಹಾಕಬಹುದು. ಏಜೆಂಟರ ಸಹಿ ಎಲ್ಲಿಯೂ ಬೇಕಿಲ್ಲ. ಬೇಕಾದದ್ದು ಕಾಲೇಜಿನ ಸಹಿ. ಯಾವ ವಿಷಯ ಎಷ್ಟು ಕಲಿಸಿದ್ದು, ಆಸ್ಪತ್ರೆಯಲ್ಲಿ ಎಷ್ಟು ತರಬೇತಿ ಕೊಟ್ಟದ್ದು ಎಂಬ ವಿವರ ಅಲ್ಲಿಂದಲೇ ಬರಬೇಕು. ಓದಿನಲ್ಲಿ ಕೊರತೆ ಕಂಡರೆ ಮಾಡಿದ ಕೆಲಸದ ಅನುಭವವನ್ನೂ ತೂಗಿ ನೋಡುತ್ತಾರೆ.

ಆ ಒಂದು ಫಾರಂ ಹಿಡಿದು ಹುಡುಗಿ ತನ್ನ ಹಳೆಯ ಕಾಲೇಜಿಗೆ ನಾಲ್ಕು ಸಲ ಅಲೆದಿದ್ದಾಳೆ. ಮೊದಲ ಸಲ ಗುಮಾಸ್ತರು ರಜೆ. ಎರಡನೇ ಸಲ ‘ಇದು ಯೂನಿವರ್ಸಿಟಿಯವರು ಕೊಡಬೇಕು, ಬೆಂಗಳೂರಿಗೆ ಹೋಗಿ’. ರಾತ್ರಿ ಬಸ್ಸು ಹತ್ತಿ ಹೋದಳು. ಅಲ್ಲಿ ಕೌಂಟರಿನವರು ‘ಇದು ಕಾಲೇಜಿನವರೇ ತುಂಬಬೇಕು’ ಎಂದು ವಾಪಸು ಕೊಟ್ಟರು. ಮೂರನೇ ಸಲ ಕಾಲೇಜಿನಲ್ಲಿ ಇನ್‌ಸ್ಪೆಕ್ಷನ್ ಗಡಿಬಿಡಿ. ನಾಲ್ಕನೇ ಸಲ ಗುಮಾಸ್ತರು, ‘ಒಂದೊಂದು ವಿಷಯಕ್ಕೆ ಎಷ್ಟು ಗಂಟೆ ಪಾಠ ಆಗಿದೆ ಎಂಬ ಲೆಕ್ಕ ಯಾರ ಹತ್ತಿರ ಉಂಟು, ಹೇಳಿ?’ ಎಂದು ಇವಳನ್ನೇ ಕೇಳಿದರಂತೆ! ಕೊನೆಗೆ ಸಿಲಬಸ್ ಪುಸ್ತಕ ನೋಡಿ ಗಂಟೆಗಳನ್ನೆಲ್ಲ ಇವಳೇ ಬರೆದುಕೊಟ್ಟು ಬಂದಳು.

ಇಂಗ್ಲಿಷ್ ಪರೀಕ್ಷೆಯದ್ದು ಮತ್ತೊಂದು ಕತೆ. ಐ.ಇ.ಎಲ್.ಟಿ.ಎಸ್.ನಲ್ಲಿ ಒಟ್ಟು 7 ಬರಬೇಕು. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ಯಾವುದರಲ್ಲಿಯೂ 6.5ಕ್ಕಿಂತ ಕೆಳಗಿಳಿಯಬಾರದು. ಈಕೆಗೆ ಒಟ್ಟು 7 ಬಂದಿದೆ, ಬರೆಯುವುದರಲ್ಲಿ ಮಾತ್ರ 6. ಅರ್ಧ ಅಂಕಕ್ಕೆ ಪುನಃ ಫೀಸು, ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ.

ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ ಬಂದಂತಲ್ಲ. ಅಲ್ಲಿಯ ಆಸ್ಪತ್ರೆಯವರು ಕೆಲಸ ಕೊಟ್ಟು ಸ್ಪಾನ್ಸರ್ ಮಾಡಿದರೆ ಮಾತ್ರ ವೀಸಾ. ಏಜೆಂಟರ ಆಟ ಇರುವುದು ಈ ಸಂದಿಯಲ್ಲಿ. ‘ಮೊದಲು ಕೇರ್ ವರ್ಕರ್ ಅಂತ ಹೋಗಲಿ, ಮತ್ತೆ ಫಿಸಿಯೋ ಮಾಡುವಾ’ ಎಂದು ಹೇಳಿದ್ದಾರಂತೆ. ಮುದುಕರಿಗೆ ಸ್ನಾನ ಮಾಡಿಸುವ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನೇ ಬ್ರಿಟಿಷ್ ಸರಕಾರ ನಿಲ್ಲಿಸಿದೆ. ಏಜೆಂಟರು ಈ ಮಾತು ಆಡಿದ್ದು ಅದಾದ ಮೇಲೆ!

‘ಅಪ್ಪ, ನಾನು ಕಲಿತದ್ದು ಒಂದು, ಹೋಗುವುದು ಇನ್ನೊಂದಕ್ಕಾ?’ ಎಂದು ಮಗಳು ಕೇಳಿದ ಮೇಲೆಯೇ ತಂದೆ ಪೇಪರಿನವರನ್ನು ಹುಡುಕಿಕೊಂಡು ಬಂದದ್ದು.

1983ರ ಎಮಿಗ್ರೇಷನ್ ಕಾಯ್ದೆಯಂತೆ ಕೇಂದ್ರ ಸರಕಾರದಲ್ಲಿ ನೋಂದಾಯಿಸಿದವರು ಮಾತ್ರ ಹೊರದೇಶದ ಕೆಲಸಕ್ಕೆ ಜನ ಕಳಿಸಬಹುದು. ಅವರೂ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿ.ಎಸ್.ಟಿ. ರಸೀದಿ ಕೊಡಲೇಬೇಕು. ಯಾರು ನೋಂದಾಯಿಸಿದ್ದಾರೆ ಎಂದು ಇ-ಮೈಗ್ರೇಟ್ ಎಂಬ ಸರಕಾರಿ ವೆಬ್‌ಸೈಟಿನಲ್ಲಿ ಮೊಬೈಲ್ ಹಿಡಿದೇ ನೋಡಬಹುದು. ನಾವು ನೋಡಿದೆವು. ಆ ಏಜೆಂಟರ ಹೆಸರಿಲ್ಲ. ಕಚೇರಿಗೇ ಹೋಗಿ ಕೇಳಿದರೆ, ‘ನಾವು ಏಜೆಂಟರಲ್ಲ, ಕನ್ಸಲ್ಟೆಂಟರು’ ಎಂದರು.

ಗಲ್ಫಿನ ದಾರಿ ನಮ್ಮೂರಿಗೆ ಹೆಚ್ಚು ಪರಿಚಿತ. ಸರ್ಟಿಫಿಕೇಟು ಅಸಲಿಯೋ ಎಂದು ಡಾಟಾಫ್ಲೋದವರು ಕಾಲೇಜಿನಲ್ಲೇ ವಿಚಾರಿಸುತ್ತಾರೆ, ಮತ್ತೆ ಕಂಪ್ಯೂಟರ್ ಮುಂದೆ ಪ್ರೊಮೆಟ್ರಿಕ್ ಪರೀಕ್ಷೆ. ಅಮೆರಿಕಕ್ಕಾದರೆ ನಮ್ಮ ಡಿಗ್ರಿಯನ್ನು ಅವರ ಓದಿನ ಪಕ್ಕದಲ್ಲಿಟ್ಟು ಒಂದೊಂದೇ ವಿಷಯ ತೂಗುತ್ತಾರೆ, ಲೈಸೆನ್ಸು ರಾಜ್ಯಕ್ಕೊಂದು, ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತದವರ ಸರದಿಗೆ ವರ್ಷಗಟ್ಟಲೆ ಕಾಯಬೇಕು.

ನಮ್ಮ ಕಡೆಯ ತಪ್ಪೂ ಉಂಟು. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ಕಲಿಸಲು ತೊಡಗಿದ ವಿದ್ಯೆ ಇದು. ಡಾಕ್ಟರಿಗೆ, ನರ್ಸಿಗೆ, ಔಷಧಿ ಅಂಗಡಿಯವರಿಗೆ ದೇಶದ ಮಟ್ಟದಲ್ಲಿ ಕೌನ್ಸಿಲ್ ಇದ್ದರೂ ಫಿಸಿಯೋಥೆರಪಿಯವರಿಗೆ ಅಂಥದ್ದಕ್ಕೆ ಕಾಯ್ದೆ ಬಂದದ್ದು 2021ರಲ್ಲಿ. ‘ನಿಮ್ಮ ದೇಶದ ಕೌನ್ಸಿಲ್ ಯಾವುದು?’ ಎಂದು ಹೊರದೇಶದವರು ಕೇಳಿದಾಗ ಅದಕ್ಕೆ ಮೊದಲು ಹೋದ ಬ್ಯಾಚಿನವರು ತಲೆ ಕೆರೆಯಬೇಕಾಗಿತ್ತು.

ಸೋಮವಾರ ತಂದೆ ಮಗಳು ಇಬ್ಬರೂ ಕಾಲೇಜಿಗೆ ಹೋದರು. ಫಾರಂ ತುಂಬಿ ಆಗಿದೆ, ಪ್ರಿನ್ಸಿಪಾಲರ ಸಹಿಯೂ ಬಿದ್ದಿದೆ. ಸೀಲು ಇಟ್ಟ ಕಪಾಟಿನ ಬೀಗದ ಕೈ ಮತ್ತೊಬ್ಬರ ಹತ್ತಿರ ಇತ್ತಂತೆ, ಗುರುವಾರ ಬರಲು ಹೇಳಿದ್ದಾರೆ. ಕನ್ಸಲ್ಟೆಂಟರು ಮೂವತ್ತು ಸಾವಿರ ಹಿಂದೆ ಕೊಟ್ಟು, ಉಳಿದದ್ದು ದೀಪಾವಳಿಗೆ ಎಂದಿದ್ದಾರೆ. ಸರ ಸೊಸೈಟಿಯಲ್ಲಿಯೇ ಉಂಟು.