ಅಗ್ಗದ ಮಾತ್ರೆಯೂ ಶೇ 20ರ ಭಯವೂ

ನನ್ನ ಪತ್ನಿ ಹಲವು ವರ್ಷಗಳಿಂದ ಅಪಸ್ಮಾರಕ್ಕಾಗಿ ಫೆನಿಟಾಯಿನ್ ಮಾತ್ರೆ ಸೇವಿಸುತ್ತಿದ್ದಾರೆ. ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗೆ ಬದಲಾಯಿಸುವ ಯೋಚನೆಯಲ್ಲಿದ್ದಾಗ ನೆರೆಮನೆಯ ಹಿರಿಯರು ಎಚ್ಚರಿಸಿದರು: ‘ರಾಯರೇ, ಅದರಲ್ಲಿ ಔಷಧ ಶೇ 20ರಷ್ಟು ಕಡಿಮೆಯಿದ್ದರೂ ಕಾನೂನು ಒಪ್ಪುತ್ತದಂತೆ!’

ಈ ಮಾತು ವಿದ್ಯಾವಂತರಲ್ಲೂ ಪ್ರಚಲಿತವಾಗಿದೆ. ಆದರೆ ಅದು ತಪ್ಪು. ಜೈವಿಕ ಸಮಾನತೆಯ ಪರೀಕ್ಷೆ ಅಳೆಯುವುದು ಮಾತ್ರೆಯಲ್ಲಿರುವ ಔಷಧವನ್ನಲ್ಲ, ರಕ್ತವನ್ನು ಸೇರುವ ಔಷಧವನ್ನು. ಆರೋಗ್ಯವಂತ ಸ್ವಯಂಸೇವಕರಿಗೆ ಮೂಲ ಔಷಧವನ್ನೂ ಜೆನೆರಿಕ್ಕನ್ನೂ ಬೇರೆ ಬೇರೆ ಅವಧಿಗಳಲ್ಲಿ ನೀಡಿ, ರಕ್ತದಲ್ಲಿನ ಗರಿಷ್ಠ ಪ್ರಮಾಣವನ್ನೂ ಒಟ್ಟು ಪ್ರಮಾಣವನ್ನೂ ಹೋಲಿಸುತ್ತಾರೆ. ಸರಾಸರಿಗಳ ಅನುಪಾತವಷ್ಟೇ ಅಲ್ಲ, ಆ ಅನುಪಾತದ ಶೇ 90ರ ವಿಶ್ವಾಸಾಂತರ ಪೂರ್ತಿಯಾಗಿ ಶೇ 80ರಿಂದ 125ರೊಳಗೆ ಬರಬೇಕು. ಅನುಪಾತವೇ 82 ಆಗಿದ್ದರೆ ವಿಶ್ವಾಸಾಂತರದ ಕೆಳ ತುದಿ ಬಹುಮಟ್ಟಿಗೆ 80ನ್ನು ದಾಟಿ ಕೆಳಗಿಳಿಯುತ್ತದೆ, ಮಾತ್ರೆ ಅನುತ್ತೀರ್ಣ. ಲೆಕ್ಕ ಲಾಗರಿದಮ್‌ನಲ್ಲಿ ನಡೆಯುವುದರಿಂದ ಮೇಲಿನ ಮಿತಿ 120 ಅಲ್ಲ, 125, ಒಂದನ್ನು 0.8ರಿಂದ ಭಾಗಿಸಿದರೆ ಬರುವುದು 1.25. ಅಮೆರಿಕದಲ್ಲಿ 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಪರಿಶೀಲಿಸಿದಾಗ, ಒಟ್ಟು ಪ್ರಮಾಣದಲ್ಲಿ ಕಂಡ ಸರಾಸರಿ ವ್ಯತ್ಯಾಸ ಶೇ 3.56 ಮಾತ್ರ.

ಹಾಗೆಂದು ಆತಂಕ ನಿರಾಧಾರವೆನ್ನಲಾಗದು. 1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಫೆನಿಟಾಯಿನ್ ಕ್ಯಾಪ್ಸೂಲಿನಲ್ಲಿ ಔಷಧದ ಜೊತೆ ಬೆರೆಸುವ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಬಳಸಲಾಯಿತು. ಔಷಧದ ಪ್ರಮಾಣ ಅಷ್ಟೇ ಇದ್ದರೂ ಅದು ಹೆಚ್ಚಾಗಿ ರಕ್ತ ಸೇರಿ ಅನೇಕ ರೋಗಿಗಳಲ್ಲಿ ವಿಷಲಕ್ಷಣಗಳು ಕಾಣಿಸಿದವು. ಅಲ್ಪ ವ್ಯತ್ಯಾಸವೂ ಅಪಾಯ ತರುವ ಔಷಧಗಳಿಗೆ ಯುರೋಪಿನ ನಿಯಂತ್ರಕರು ಮಿತಿಯನ್ನು ಶೇ 90ರಿಂದ 111.11ಕ್ಕೆ ಬಿಗಿಗೊಳಿಸಿರುವುದು ಇಂಥ ಕಾರಣಕ್ಕೇ.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಮಿತಿಯ ಬಗ್ಗೆ ಅಲ್ಲ. ನಮ್ಮ ಕೈಯಲ್ಲಿರುವ ಮಾತ್ರೆ ಈ ಪರೀಕ್ಷೆಗೆ ಒಳಪಟ್ಟಿದೆಯೇ ಎಂಬುದು. ನಮ್ಮಲ್ಲಿ ಔಷಧವೊಂದಕ್ಕೆ ಮೊದಲ ಅನುಮತಿ ದೊರೆತು ನಾಲ್ಕು ವರ್ಷ ಕಳೆದ ಬಳಿಕ ಬರುವ ತಯಾರಕರು ರಾಜ್ಯಮಟ್ಟದಲ್ಲಿ ಈ ಪರೀಕ್ಷೆಯಿಲ್ಲದೆಯೇ ಪರವಾನಗಿ ಪಡೆಯಬಹುದಾಗಿತ್ತು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಮಾತ್ರೆಗಳಿಗೆ ಪರವಾನಗಿ ಕೋರುವವರು ಪರೀಕ್ಷೆಯ ಫಲಿತಾಂಶ ಸಲ್ಲಿಸಬೇಕೆಂಬ ತಿದ್ದುಪಡಿ ಬಂದದ್ದು 2017ರ ಏಪ್ರಿಲ್‌ನಲ್ಲಿ. ಫೆನಿಟಾಯಿನ್ ಕೂಡ ಸುಲಭವಾಗಿ ಕರಗದ ಔಷಧವೇ. ಆದರೆ ಅಂಗಡಿಯಲ್ಲಿರುವ ಪಟ್ಟಿಯನ್ನು ತಯಾರಿಸಿದವರು ಪರವಾನಗಿ ಪಡೆದದ್ದು ಅದಕ್ಕೆ ಮೊದಲೋ ಅನಂತರವೋ ಎಂಬುದನ್ನು ಅದರ ಮೇಲಿನ ಬರಹ ಹೇಳುವುದಿಲ್ಲ.

ಅಮೆರಿಕದಲ್ಲಿ ಯಾವ ಜೆನೆರಿಕ್ ಯಾವ ಮೂಲ ಔಷಧಕ್ಕೆ ಸಮಾನವೆಂಬುದನ್ನು ‘ಆರೆಂಜ್ ಬುಕ್’ ಎಂಬ ಅಧಿಕೃತ ಪಟ್ಟಿ 1980ರಿಂದಲೂ ಬಹಿರಂಗವಾಗಿ ತಿಳಿಸುತ್ತಿದೆ. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದವನಾಗಿ ಹೇಳುತ್ತೇನೆ: ಪರವಾನಗಿಯ ಕಡತದಲ್ಲಿರುವ ಒಂದು ಸಾಲನ್ನು ಜನರ ಮುಂದಿಡುವುದು ಕಷ್ಟದ ಕೆಲಸವಲ್ಲ. ಅಗ್ಗದ ಔಷಧದ ಮೇಲೆ ಬಡವರಿಗೂ ವೈದ್ಯರಿಗೂ ಭರವಸೆ ಮೂಡಬೇಕಾದರೆ ಜಾಹೀರಾತಿಗಿಂತ ಆ ಸಾಲು ಹೆಚ್ಚು ಉಪಯುಕ್ತ.

ಸದ್ಯಕ್ಕೆ ನಮ್ಮ ವೈದ್ಯರು ಹಳೆಯ ಮಾತ್ರೆಯನ್ನೇ ಮುಂದುವರಿಸಲು ಹೇಳಿದ್ದಾರೆ. ನಾವು ಹೆಚ್ಚಿನ ಬೆಲೆ ತೆರಬಲ್ಲೆವು. ತೆರಲಾಗದವರಿಗೆ ಕೇಳುವ ಹಕ್ಕಾದರೂ ಬೇಡವೇ?